ಏಳು ನಿಂಬೆಹಣ್ಣು

ನಟರಾಜು ನಿಂಬೆಹಣ್ಣನ್ನು ಚಪ್ಪಲಿಯಡಿ ಹೊಸಕಿದ. ಕುಂಕುಮ, ಹುಳಿ, ಡೀಸೆಲ್ಲು ಒಂದೇ ವಾಸನೆಯಾಗಿ ಮೂಗಿಗೆ ಅಡರಿತು.

"ತುಳೀಬ್ಯಾಡ ಕಣಪ್ಪಾ! ಮಾಟ ಮಾಡಿ ಊತವ್ರೆ. ತೆಗ್ದೋನು ಉಳಿಯಕ್ಕಿಲ್ಲ," ಬೇಲಿಯಾಚೆಯಿಂದ ಪುಟ್ಟಗೌರಮ್ಮ ಕೂಗಿದಳು.

"ನಮ್ ಮಂಡ್ಯದಲ್ಲಿ ಇದ್ರಲ್ಲಿ ಪಾನಕ ಮಾಡ್ತೀವಿ ಕಣಜ್ಜಿ."

ಅವನು ಜೆಸಿಬಿ ಹತ್ತಿ ಬಕೆಟ್ ಇಳಿಸಿದ. ಹನೂರಿನ ಗುಡ್ಡದಡಿಯ ಈ ಬೀಳು ನೆಲ ಸಮ ಮಾಡಲು ಕೊಳ್ಳೇಗಾಲದ ಶಿವಕುಮಾರಸ್ವಾಮಿ ಅವನನ್ನು ಕರೆಸಿ ಮೂರು ದಿನವಾಗಿತ್ತು. ಮೂರು ದಿನವೂ ಮುದುಕಿಯದು ಇದೇ ಗೋಳು. ಕೇಳಿ ಕೇಳಿ ಸಾಕಾಗಿತ್ತು.

ಮಣ್ಣೊಳಗೆ ಕಬ್ಬಿಣ ಕಿರುಗುಟ್ಟಿತು. ಇಳಿದು ಎತ್ತಿಕೊಂಡ. ಮೊಳದುದ್ದದ ತುಕ್ಕು, ಹಿಂದೆ ಮೀನಿನ ಬಾಲದಂಥ ರೆಕ್ಕೆ. ಯಾವುದೋ ಹಳೆಯ ಮೋಟರಿನ ಸಾಮಾನಿರಬೇಕು. ನಡುಮಧ್ಯಾಹ್ನದಲ್ಲೂ ಕೈಗೆ ತಣ್ಣಗಿತ್ತು.

"ಗುಂಡು! ಗುಂಡು ಕಣ್ಲಾ ಅದು!"

"ಉದ್ದಕೈತಲ್ಲಜ್ಜಿ, ಗುಂಡಗೆಲ್ಲೈತೆ?"

ಮಣ್ಣು ಉದುರಲೆಂದು ಬಕೆಟ್ಟಿಗೆ ತಟ್ಟಿದ. ಒಳಗೇನೋ ಕದಲಿತು. ಟಿಕ್. ಮುದುಕಿ ನೆಲಕ್ಕೆ ಕವುಚಿ ಬಿದ್ದಿದ್ದಳು. ಆಗ ಆ ಮಾತು ಅರ್ಥವಾಯಿತು. ಗುಂಡು. ಸಿಡಿಯುವ ಗುಂಡು. ಬಕೆಟ್ಟಿನಾಚೆಯ ಹಳ್ಳಕ್ಕೆ ಎಸೆದ. ಹಗಲು ಆರಿಹೋಯಿತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಎಡಗೈಯಲ್ಲಿ ಮೂರು ಬೆರಳಿರಲಿಲ್ಲ. ಎಡಗಿವಿಯಲ್ಲಿ ನಿಲ್ಲದ ಗುಂಯ್. ಪುಟ್ಟಗೌರಮ್ಮ ಬಲಗಿವಿಯ ಪಕ್ಕ ಕೂತಿದ್ದಳು.

"ಮಾಟಗೀಟ ಏನಿಲ್ಲ ಕಣಪ್ಪಾ. ಇಂದ್ಕೆ ಮಿಲ್ಟ್ರಿಯೋರು ಆ ಗುಡ್ಡಕ್ಕೆ ಗುಂಡಾರ್ಸಿ ಕಲೀತಿದ್ರು. ಸಿಡೀದೆ ಉಳ್ದವು ಅಲ್ಲೇ ಅವೆ. ಬಾಂಬ್ ಐತೆ ಅಂತ ಬೋರ್ಡ್ ಆಕುದ್ರು. ಆ ಬೋರ್ಡನ್ನೇ ಕಿತ್ತು ಗುಜ್ರಿಗಾಕುದ್ರು ನಮ್ಮೋರು. ನನ್ ಗಂಡ ಕಬ್ಣ ಆಯಕ್ಕೋಗಿ ಅಂಗೇ ಓದ. ಆಮ್ಯಾಕೆ ನಾನೇ ಮಾಟ ಅಂತ ಸುದ್ದಿ ಬುಟ್ಟೆ. ಬಾಲ ಕಂಡ ಕಡೆ ನಿಂಬೆಅಣ್ಣು ಮಡಗ್ದೆ, ಒಣಗ್ದಂಗೆಲ್ಲ ಒಸದು ಮಡಗ್ದೆ. ಇಪ್ಪತ್ತೊರ್ಸ ಯಾರೂ ಮುಟ್ನಿಲ್ಲ."

"ಎಷ್ಟು ಕಡೆ?"

"ಏಳು."

ಎರಡು ತಿಂಗಳ ಮೇಲೆ ಶಿವಕುಮಾರಸ್ವಾಮಿ ಅದೇ ನೆಲದಲ್ಲಿ ನಿಂತು ಜೆಸಿಬಿಯ ಕೀ ಚಾಚಿದ. "ಮಿಲ್ಟ್ರಿಯೋರು ಬಂದು ಉಡ್ಕಿ ಎರಡು ಗುಂಡು ತೆಗ್ದವ್ರೆ. ಇನ್ನಿಲ್ಲ ಅಂತ ಪೇಪರ್ ಐತೆ. ತಕ."

ಸಿಡಿದದ್ದು ಒಂದು, ತೆಗೆದದ್ದು ಎರಡು. "ಇನ್ನೂ ನಾಲ್ಕವೆ ಸಾ."

"ಪೇಪರ್‌ಗಿಂತ ಆ ಮುದುಕಿ ದೊಡ್ಡೋಳೇನ್ಲಾ?"

ಬೇಲಿಯ ಬಳಿ ಕಾದಿದ್ದ ಕೂಲಿಯವರು ನಕ್ಕರು. ಗುದ್ದಲಿ ಹೆಗಲಿಗಿಟ್ಟು ಬೇಲಿ ದಾಟತೊಡಗಿದರು. ನಟರಾಜುವಿಗೆ ವಾದ ಮಾಡುವ ತ್ರಾಣವಿರಲಿಲ್ಲ. ಎರಡೇ ಬೆರಳಿನ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದ.

"ಮಾಟ ಮಾಡವ್ರೆ ಇಲ್ಲಿ! ನಿಂಬೆಅಣ್ಣು ತುಳ್ದೆ, ಇಂಗಾಯ್ತು!"

ಗುದ್ದಲಿಗಳು ನಿಂತವು. ಒಬ್ಬನು ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದ. ಬೇಲಿಯಾಚೆ ಪುಟ್ಟಗೌರಮ್ಮ ತಲೆ ತಗ್ಗಿಸಿದಳು.

"ಮಾಟ ಅಂದ್ರೆ ನಗ್ತಿದ್ದೋನು ನೀನೇ ಅಲ್ವೇನ್ಲಾ?" ಶಿವಕುಮಾರಸ್ವಾಮಿ ಕೀಯನ್ನು ಅವನ ಎದೆಗೇ ಒತ್ತಿದ. "ತಕ."

"ಮುಟ್ಟಲ್ಲ."