ಅಪ್ಪನಿಗೊಂದು ನಾಯಿ

“ನಿಮ್ಮ ಮನ್ಯಾಗ ಯಾರ್ಯಾರು ಇದ್ದೀರಿ? ಮುಂಜಾನೆ ಎಷ್ಟಕ್ಕ ಏಳ್ತೀರಿ? ನಿಮಗ ಸಿಟ್ಟು ಲಗೂ ಬರ್ತದೇನ್ರಿ?”

ಧಾರವಾಡದ ದನದ ದವಾಖಾನೆಯಲ್ಲಿ ಆ ತರುಣ ಡಾಕ್ಟರು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಿದ್ದರೆ ನನ್ನ ಕಿವಿ ಕೆಂಪಗಾದವು.

“ನೋಡ್ರಿ, ನಾ ನಾಯಿ ಬೇಕಂತ ಬಂದೀನಿ. ಕನ್ಯಾ ತೋರಿಸ್ಲಿಕ್ಕೆ ಬಂದಿಲ್ಲ,” ಎಂದೆ.

ಅವರು ತಬ್ಬಿಬ್ಬಾದರು. ಮೇಜಿನ ಕೆಳಗೆ ಮಲಗಿದ್ದ ಆಡಿನ ಮರಿಯನ್ನು ನೋಡುತ್ತ ಮೆಲ್ಲಗೆ ಹೇಳಿದರು: “ನಾಯಿ ಸಲುವಾಗೇ ಕೇಳಿದೆ ರಿ. ಮನಿ ಎಂಥಾದ್ದಂತ ತಿಳೀಲಾರದ ಯಾವ ಜಾತಿ ನಾಯಿ ಛಲೋ ಅಂತ ಹೆಂಗ ಹೇಳ್ಲಿ?”

ಅದು ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿ. ಅವರ ಹೆಸರು ಯಜ್ಞೇಶ್ವರ. ನನ್ನದು ಸುಹಾಸಿನಿ. ಆಗ ನನಗೆ ಇಪ್ಪತ್ತಾರು ವರ್ಷ. ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ.

ಅಪ್ಪ ರಮಾಕಾಂತರು ಸಂಗೀತ ಕಲಿಸುತ್ತಿದ್ದರು. ಎರಡು ವರ್ಷಗಳಿಂದ ಅವರ ಕಣ್ಣು ಮಂಜಾಗುತ್ತ ಬಂದು, ಈಗ ಬೆಳಕಿನ ಹೊರತು ಏನೂ ಕಾಣುತ್ತಿರಲಿಲ್ಲ. ಆದರೂ ಶಿಷ್ಯರ ಮನೆಗೆ ತಾವೇ ಹೋಗಬೇಕೆಂಬ ಹಟ. ಹಿಂದಿನ ವಾರವಷ್ಟೇ ಟಾಂಗಾದ ಗಾಲಿಯಿಂದ ಗೇಣಿನಂತರದಲ್ಲಿ ಉಳಿದಿದ್ದರು. ಮನೆಯಲ್ಲಿ ಇನ್ನೊಬ್ಬರೆಂದರೆ ಅಂಬಾಬಾಯಿ ಅತ್ತೆ, ಅಪ್ಪನ ಅಕ್ಕ. ಮಡಿ, ಪೂಜೆ ಎಂದು ಅವರು ಹೊಸ್ತಿಲು ದಾಟುವುದೇ ಅಪರೂಪ. ಅಪ್ಪನ ಕೈ ಹಿಡಿಯುವವರಿಲ್ಲವೆಂದು ನಾನು ಮೂರು ಸಂಬಂಧ ಬೇಡವೆಂದಿದ್ದೆ.

ಇಂಗ್ಲಿಷ್ ಮಾಸಿಕವೊಂದರಲ್ಲಿ ಜರ್ಮನಿಯ ಕುರುಡ ಸಿಪಾಯಿಯೊಬ್ಬನನ್ನು ಅಲ್ಸೇಶಿಯನ್ ನಾಯಿ ನಡೆಸಿಕೊಂಡು ಹೋಗುವ ಫೋಟೋ ನೋಡಿದ್ದೆ. ಅದನ್ನೇ ಕತ್ತರಿಸಿ ತಂದು ಡಾಕ್ಟರ ಮುಂದಿಟ್ಟೆ.

“ಛಲೋ ನಾಯಿ ಖರೇ ರಿ,” ಎಂದರು. “ಆದ್ರ ಅದಕ್ಕ ಕಲಿಸಿರ್ತಾರ. ಕಲಿಸೋರು ನಮ್ಮ ಕಡೆ ಯಾರೂ ಇಲ್ಲ. ಕಲೀಲಾರದ್ದು ಮನುಷ್ಯಾನ್ನ ಎಳಕೊಂಡು ಹೋಗ್ತದ. ನಿಮ್ಮನಿಗೆ ಬ್ಯಾಡ್ರಿ.”

“ನನಗ ಅದೇ ಬೇಕು.”

ಹುಬ್ಬಳ್ಳಿಯಲ್ಲಿ ರೈಲ್ವೆಯ ಸಾಹೇಬರೊಬ್ಬರು ವಿಲಾಯತಿಗೆ ಮರಳುವವರಿದ್ದರು. ನನ್ನ ಹಟಕ್ಕೆ ಸೋತು ಯಜ್ಞೇಶ್ವರ ಆ ಸಾಹೇಬರ ಅಲ್ಸೇಶಿಯನ್ ನಾಯಿಯನ್ನು ತಂದುಕೊಟ್ಟರು. ನಾಲ್ಕನೆಯ ದಿನ ಅದು ಎಮ್ಮೆಯೊಂದನ್ನು ಕಂಡು ಜಿಗಿಯಿತು. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದ ಅಪ್ಪ ಬೋರಲು ಬಿದ್ದರು. ಕೈ ಊದಿ ಕುಂಬಳಕಾಯಿಯಂತಾಯಿತು.

ನಾನು ದವಾಖಾನೆಗೆ ಓಡಿ, ಎತ್ತು ಎಮ್ಮೆ ಹಿಡಿದು ನಿಂತ ಅಷ್ಟು ಜನರ ಎದುರು ಅವರನ್ನು ಬಾಯಿಗೆ ಬಂದಂತೆ ಅಂದೆ. ಅವರು ಟೋಪಿ ತೆಗೆದುಕೊಂಡು ಎದ್ದರು, ದಾರಿಯಲ್ಲಿ ಮನುಷ್ಯರ ಡಾಕ್ಟರೊಬ್ಬರನ್ನು ಟಾಂಗಾದಲ್ಲಿ ಹತ್ತಿಸಿಕೊಂಡು ಮನೆಗೆ ಬಂದರು. ನಾಯಿಯನ್ನು ದೊಡ್ಡ ಕಂಪೌಂಡಿನ ಬಂಗಲೆಯೊಂದಕ್ಕೆ ಸೇರಿಸಿದರು. ಆಮೇಲೆ ದಿನಾ ಸಂಜೆ ಬಂದು ಅಪ್ಪನ ಪಟ್ಟಿ ಬದಲಿಸುತ್ತಿದ್ದರು.

ಹದಿನೈದು ದಿನಗಳಾದವು. ನನಗೇ ತಡೆಯಲಾಗಲಿಲ್ಲ.

“ನೀವು ಮೊದಲೇ ಬ್ಯಾಡ ಅಂದಿದ್ರಿ. ಅವತ್ತು ಯಾಕ ನೆನಪು ಮಾಡಿಕೊಡ್ಲಿಲ್ಲ?”

ಅವರು ಪಟ್ಟಿ ಸುತ್ತುತ್ತಲೇ ಹೇಳಿದರು: “ನಿಮಗ ನೆನಪಿತ್ತಲ್ಲ. ಮತ್ತ ನಾ ಯಾಕ ಹೇಳ್ಲಿ?”

ನಾನು ಒಳಗೆ ಹೋಗಿ, ತುಂಬಿದ ಕೊಡಕ್ಕೇ ಮತ್ತೆ ನೀರು ಸುರಿದೆ.

ಅಪ್ಪನ ಕೈ ನೆಟ್ಟಗಾದ ಮರುದಿನವೇ ಅವರು ಮುಧೋಳದ ನಾಯಿಯೊಂದನ್ನು ಕರೆತಂದರು. ಸಣ್ಣ ನಡು, ಉದ್ದ ಕಾಲು, ನಾಚಿಕೆಯ ಕಣ್ಣು. ನೋಡಿದರೆ ನೋಡುತ್ತಲೇ ಇರಬೇಕು. ಆದರೆ ಬೆಕ್ಕೊಂದು ಕಂಡಿದ್ದೇ ತಡ, ಗೋಡೆ ಹಾರಿ ಮಾಯ! ಯಜ್ಞೇಶ್ವರ ಧೋತರ ಎತ್ತಿಕಟ್ಟಿ ಅದರ ಹಿಂದೆ ಓಡಿದರು. ಕಿಟಕಿಯಲ್ಲಿ ನಿಂತು ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಹಿಂದಿನಿಂದ ಅತ್ತೆಯ ದನಿ: “ಏ ಸುಹಾಸಿನಿ, ಈ ಹುಡುಗ ನಾಯಿ ಆರಿಸ್ಲಿಕತ್ತಾನೋ, ಮತ್ತೇನರೆ ಆರಿಸ್ಲಿಕತ್ತಾನೋ?”

“ಏನರೆ ಅಂತೀರಿ ಅತ್ತ್ಯಾ,” ಎಂದು ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

ಆ ನಾಯಿಯನ್ನು ಅದರ ಒಡೆಯರಿಗೆ ಮರಳಿಸಿ, ಮುಂದಿನ ರವಿವಾರ ಅವರು ಅಪ್ಪನನ್ನೂ ನನ್ನನ್ನೂ ಟಾಂಗಾದಲ್ಲಿ ಕೂರಿಸಿಕೊಂಡು ಊರ ಹೊರಗಿನ ರಸ್ತೆಗೆ ಕರೆದೊಯ್ದರು. ಉಪ್ಪಿನಬೆಟಗೇರಿಯ ಕುರಿ ವ್ಯಾಪಾರಿ ಮಕಬೂಲಸಾಬರು ಹುಬ್ಬಳ್ಳಿಯ ಸಂತೆಗೆ ಹಿಂಡು ಹೊಡೆದುಕೊಂಡು ಬರುತ್ತಿದ್ದರು. ಹಿಂಡು ದಾಟಿಹೋಯಿತು. ಕೊನೆಯಲ್ಲಿ ಒಂದು ಕುಂಟ ಕುರಿ, ಅದರ ಮಗ್ಗುಲಿಗೆ ಬೂದು ಬಣ್ಣದ ಹೆಣ್ಣು ನಾಯಿ. ಕುರಿ ನಿಂತರೆ ತಾನೂ ನಿಲ್ಲುತ್ತಿತ್ತು. ಕುರಿ ಚರಂಡಿಯ ಕಡೆ ವಾಲಿದರೆ ಮೈಯಿಂದ ಮೆತ್ತಗೆ ಒತ್ತುತ್ತಿತ್ತು.

“ಇದು ಯಾವ ಜಾತಿರಿ?” ಎಂದೆ.

ಮಕಬೂಲಸಾಬರು ನಕ್ಕರು. “ಜಾತಿ ಏನಂತ ಹೇಳ್ಲೆವ್ವಾ? ಕುರಿ ಕಾಯೂ ನಾಯಿ, ಬೂದಿ ಅಂತೇವಿ. ಯಾರು ಹಿಂದ ಬೀಳ್ತಾರ, ಅವರ ಬಾಜೂಕ ನಡೀತೈತಿ. ನಾ ಕಲಿಸಿಲ್ಲ. ನನ್ನ ಮೊಳಕಾಲು ಸೋತಾವು, ಇದು ಕಡೀ ಸಂತಿ. ಇನ್ನ ಬೂದಿಗೆ ಮನ್ಯಾಗ ಕೆಲಸಿಲ್ಲ. ಈ ಯಜಮಾನ್ರ ಕೂಡ ಕಳಸ್ರಿ ಅಂತ ಡಾಕ್ಟರ ಸಾಹೇಬ್ರು ಕೇಳ್ಯಾರ.”

ಅಪ್ಪ ಅಂಜುತ್ತಲೇ ಕೈ ಚಾಚಿದರು. ಬೂದಿ ಮೂಸಿತು, ಸುತ್ತಿ ಬಂದು ಅವರ ಎಡಮೊಳಕಾಲಿಗೆ ಭುಜ ತಾಗಿಸಿ ನಿಂತಿತು. ಅಪ್ಪನ ಮುಖ ಅರಳಿದ್ದನ್ನು ನಾನು ಎರಡು ವರ್ಷಗಳ ಮೇಲೆ ನೋಡಿದೆ. ಮಕಬೂಲಸಾಬರಿಗೆ ಕೈಮುಗಿದೆ. ಅವರು ನಾಯಿಯ ತಲೆಯ ಮೇಲೊಮ್ಮೆ ಕೈಯಾಡಿಸಿ, ಹಿಂದಿರುಗಿ ನೋಡದೆ ಹಿಂಡಿನ ಹಿಂದೆ ನಡೆದರು. ಇವತ್ತಿಗೂ ನಾನು ಅವರನ್ನು ನೆನೆಯದ ದಿನವಿಲ್ಲ.

ತಿಂಗಳೊಳಗೆ ಅಪ್ಪ ಬೂದಿಯ ಜೊತೆ ಶಿಷ್ಯರ ಮನೆಗೆ ಹೋಗಿಬರತೊಡಗಿದರು. ಮನೆಯಲ್ಲಿ ಮತ್ತೆ ತಂಬೂರಿ ನುಡಿಯಿತು. ಯಜ್ಞೇಶ್ವರ ಮಾತ್ರ ಬರುವುದನ್ನು ನಿಲ್ಲಿಸಿದರು. ಇಪ್ಪತ್ತು ದಿನ ನಾನು ಸಂಜೆಗಳನ್ನು ಎಣಿಸಿದೆ. ಇಪ್ಪತ್ತೊಂದನೆಯ ದಿನ ಸಾಲೆ ಬಿಟ್ಟೊಡನೆ ನೆಟ್ಟಗೆ ದವಾಖಾನೆಗೆ ನಡೆದೆ.

“ಬೂದಿಗೆ ಆರಾಮಿಲ್ಲೇನ್ರಿ?” ಗಾಬರಿಯಿಂದ ಎದ್ದರು.

“ಆರಾಮ ಇದ್ದಾಳ.”

“ಅಪ್ಪಾರ ಕೈ?”

“ಅದೂ ಆರಾಮ.”

“ಮತ್ತ?”

ನನ್ನೊಡನೆ ಮಾತಾಡುವಾಗೆಲ್ಲ ಅವರು ಯಾವುದಾದರೂ ಪ್ರಾಣಿಯನ್ನು ನೋಡುತ್ತಿದ್ದರು. ಇವತ್ತು ಕೋಣೆಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಅವರ ಕಣ್ಣು ಮೇಜಿನ ಕೆಳಗೆ ಹುಡುಕಿತು, ಕಿಟಕಿಗೆ ಹೋಯಿತು, ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಬೇರೆ ದಾರಿಯಿಲ್ಲದೆ ಕೊನೆಗೆ ನನ್ನ ಮುಖಕ್ಕೆ ಬಂತು. ಬಂದದ್ದು ಅಲ್ಲೇ ನಿಂತಿತು.

“ಒಂದು ತಪ್ಪು ಒಪ್ಪಿಕೋಬೇಕ್ರಿ,” ಎಂದರು. “ಮುಧೋಳ ನಾಯಿ ನಿಮ್ಮನಿಗೆ ಆಗಿಬರೂದಿಲ್ಲಂತ ನನಗ ಮೊದಲೇ ಗೊತ್ತಿತ್ತು.”

“ಮತ್ತ್ಯಾಕ ತಂದ್ರಿ?”

“ಅಪ್ಪಾರ ಕೈ ನೆಟ್ಟಗಾಗಿತ್ತು. ಬರ್ಲಿಕ್ಕೆ ಬ್ಯಾರೆ ನೆವ ಇರ್ಲಿಲ್ಲ.”

ನಗು ಬಂತು. ಅದರ ಬೆನ್ನಿಗೇ ಅಪ್ಪ ನೆನಪಾದರು. “ನಾ ಅಪ್ಪನ್ನ ಬಿಟ್ಟು ಎಲ್ಲೂ ಬರೂದಿಲ್ಲ,” ಎಂದೆ.

“ಬಿಡ್ರಿ ಅಂತ ಯಾರಂದ್ರು? ನನಗ ಹಿಂದು ಮುಂದು ಯಾರೂ ಇಲ್ಲ. ನೀವು ಹೂಂ ಅಂದ್ರ ನಾನೇ ನಿಮ್ಮನಿಗೆ ಬರ್ತೀನಿ.”

“ಮನಿ ಅಳಿಯ ಅಂತ ಊರು ನಗ್ತದ.”

“ನಾ ದನದ ಡಾಕ್ಟರ್ ರಿ. ಈಗೂ ನಗ್ತದ. ರೂಢಿ ಆಗ್ಯದ.”

ನಾನು ಹೂಂ ಅಂದೆ. ಎಷ್ಟು ಮೆಲ್ಲಗೆ ಅಂದೆನೆಂದರೆ, ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಇಬ್ಬರೂ ಮನೆಗೆ ಬಂದಾಗ ಅಪ್ಪ ಪಾಠ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದರು. ಕಾಲು ಮುಟ್ಟಿ ವಿಷಯ ಹೇಳಿದೆ. ಬಾಗಿಲ ಮರೆಯಲ್ಲಿ ಅತ್ತೆಯ ಬಳೆಯಿಲ್ಲದ ಕೈ ಕಣ್ಣೊರೆಸಿಕೊಂಡಿತು.

ಅಪ್ಪ ಯಜ್ಞೇಶ್ವರರ ಕೈಯನ್ನು ತಡವಿ ಹುಡುಕಿ ಹಿಡಿದುಕೊಂಡು ಹೇಳಿದರು:

“ಸಂಜೀ ದೀಪ ಹಚ್ಚೂ ಹೊತ್ತಾತು. ಆದ್ರ ಇವತ್ತು ದೇವರಿಗೆ ಏನು ಕೇಳ್ಬೇಕಂತ ತಿಳೀವಲ್ದು ನೋಡ್ರಪಾ. ಎಲ್ಲಾ ಬಂದು ಮನಿ ಬಾಗಿಲದಾಗ ಕೂತದ.”