ಹಾಡು ನಿಂತ ಟ್ರ್ಯಾಕ್ಟರು

"ಬಂತು ಕಣ್ರೋ! ನಿಂಗಯ್ಯ ಮಾವನ ಟ್ರ್ಯಾಕ್ಟರು ಬಂತು!"

ದೀಪಿಕ ಸ್ಕೂಲ್ ಬ್ಯಾಗನ್ನು ಬೇಲಿ ಪಕ್ಕ ಎಸೆದು ಓಡಿದಳು. ಟ್ರ್ಯಾಕ್ಟರು ಇನ್ನೂ ತಿರುವಿನಾಚೆಯೇ ಇತ್ತು. ಆದರೆ ಅದರ ಹಾಡು ಅದಕ್ಕಿಂತ ಮುಂಚೆ ಊರು ಸೇರಿಬಿಡುತ್ತಿತ್ತು. ಭಾರತೀನಗರದ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳಲ್ಲೆಲ್ಲ ನಿಂಗಯ್ಯನ ಸ್ಪೀಕರೇ ಜೋರು.

ಊರ ಮುಂದಿನ ದಿಣ್ಣೆ ಹತ್ತುವಾಗ ಎಂಥ ಟ್ರ್ಯಾಕ್ಟರೂ ಏದುಸಿರು ಬಿಡುತ್ತದೆ. ಆಗ ಹಿಂದೆ ಓಡಿಹೋಗಿ ಟ್ರೇಲರಿನಿಂದ ಒಂದು ಜಲ್ಲೆ ಕಬ್ಬು ಎಳೆದುಕೊಳ್ಳಬೇಕು. ಇದನ್ನು ಕಳ್ಳತನ ಅಂತ ಆ ಊರಲ್ಲಿ ಯಾರೂ ಅಂದದ್ದಿಲ್ಲ. ದೀಪಿಕಳ ಅಪ್ಪನೂ ಎಳೆದಿದ್ದ, ಹೆಡ್‌ಮಾಸ್ಟರೂ ಎಳೆದಿದ್ದರಂತೆ! ಐದನೇ ಕ್ಲಾಸಿನ ದೀಪಿಕಳಂತೂ ಇದರಲ್ಲಿ ಎತ್ತಿದ ಕೈ.

ಇವತ್ತು ಮಾತ್ರ ಟ್ರ್ಯಾಕ್ಟರು ದಿಣ್ಣೆಯ ಕೆಳಗೇ ನಿಂತಿತು. ನಿಂಗಯ್ಯ ಇಂಜಿನ್ ಆಫ್ ಮಾಡಿ, ಕಣ್ಣುಜ್ಜುತ್ತಾ ಟೀ ಅಂಗಡಿಗೆ ಹೋದ.

ಪಕ್ಕದ ಮನೆಯ ಚಲುವರಾಜು ದೀಪಿಕಳ ಜಡೆ ಜಗ್ಗಿದ. ಅವನು ಎಂಟನೇ ಕ್ಲಾಸು, ಹುಡುಗರಿಗೆಲ್ಲ ಲೀಡರು.

"ಲೇ ದೀಪಿ, ಕಬ್ಬು ಯಾರ್ ಬೇಕಾದ್ರೂ ಎಳೀತಾರೆ. ಧೈರ್ಯ ಇದ್ರೆ ಆ ಪೆನ್‌ಡ್ರೈವ್ ಎಳ್ಕಂಡ್ ಬಾ ನೋಡಾನ."

"ಅಯ್ಯೋ, ಅದು ಮಾವಂದು ಕಣಣ್ಣ!"

"ಮತ್ತೆ ಕಬ್ಬು ಏನು ನಿಮ್ಮಪ್ಪಂದಾ?"

ದೀಪಿಕ ಒಂದು ಹೆಜ್ಜೆ ಹಿಂದೆ ಸರಿದಳು. "ಎದ್ರುಕಂಡ್ಲು ಕಣ್ಲಾ!" ಎಂದು ಹುಡುಗರು ಕಿಸಕ್ಕನೆ ನಕ್ಕರು. ಅಷ್ಟು ಸಾಕಾಯಿತು. ಅವಳು ಸರ್ರನೆ ಟ್ರ್ಯಾಕ್ಟರ್ ಹತ್ತಿದಳು.

ಸ್ಟೇರಿಂಗಿಗೆ ಪ್ಲಾಸ್ಟಿಕ್ ಹೂವು, ಪಕ್ಕದಲ್ಲಿ ಹಾಡಿನ ಸೆಟ್ಟು, ಅದರಲ್ಲಿ ಪುಟಾಣಿ ಕೆಂಪು ಪೆನ್‌ಡ್ರೈವ್. ಅಜ್ಜಿ ಚಿಕ್ಕಬೋರಮ್ಮನ ದನಿ ಕಿವಿಯಲ್ಲಿ ಕೇಳಿತು. ಆಲೆಮನೆಯಲ್ಲಿ ಬಿಸಿ ಬೆಲ್ಲದ ಮುಂದೆ ಕೂರಿಸಿ ಅಜ್ಜಿ ಯಾವಾಗಲೂ ಹೇಳುವ ಮಾತು: "ಕೈ ಹಿಂದಕ್ಕೆ, ಮಗಾ."

ಬಿಟ್ಟುಬಿಡಲೇ? ಅಷ್ಟರಲ್ಲಿ ಕೈ ಎಳೆದೇಬಿಟ್ಟಿತು. ದಿನಾ ಎಳೆದು ರೂಢಿಯಾದ ಕೈ, ಅವಳ ಮಾತು ಕೇಳಬೇಕಲ್ಲ!

ಕೆಳಗೆ ಧುಮುಕಿದಾಗ ಹುಡುಗರೆಲ್ಲ ಬೆನ್ನು ತಟ್ಟಿದರು. ದೀಪಿಕಳಿಗೆ ಕುಣಿಯುವಷ್ಟು ಖುಷಿಯಾಯಿತು.

ನಿಂಗಯ್ಯ ಬಂದ. ಇಂಜಿನ್ ಗುಡುಗಿತು, ಹಾಡು ಬರಲಿಲ್ಲ. ಸೆಟ್ಟಿಗೆ ಎರಡು ಏಟು ಕೊಟ್ಟ. ಟವೆಲ್ ಕೊಡವಿದ, ಸೀಟಿನ ಕೆಳಗೆ ತಡಕಾಡಿದ, ಇಳಿದು ಮಣ್ಣಿನಲ್ಲೂ ಹುಡುಕಿದ.

"ಮಕ್ಳಾ, ಕೆಂಪುದೊಂದು ಪೆನ್‌ಡ್ರೈವ್ ಕಂಡ್ರೇನ್ರಪ್ಪಾ? ಎಲ್ಡು ದಿವ್ಸದಿಂದ ನಿದ್ದೆ ಇಲ್ಲ, ಫ್ಯಾಕ್ಟ್ರಿ ಕ್ಯೂನಾಗೇ ಬಿದ್ದಿವ್ನಿ. ಆಡು ಕೇಳ್ದಿದ್ರೆ ಸ್ಟೇರಿಂಗ್ ಮೇಲೇ ತೂಕಡಿಸ್ಬುಡ್ತೀನಿ."

"ಇಲ್ಲ ಮಾವ" ಎಂದ ಚಲುವರಾಜು, ಕಣ್ಣೂ ಮಿಟುಕಿಸದೆ.

ನಿಂಗಯ್ಯ ದೀಪಿಕಳತ್ತ ತಿರುಗಿದ. "ಯಾಕ್ ಮಗಾ, ಮೊಕ ಸಪ್ಪಗದೆ? ಇವತ್ತು ಕಬ್ಬು ಸಿಗ್ನಿಲ್ವಾ?" ಎಂದು ತಾನೇ ಒಂದು ದಪ್ಪ ಜಲ್ಲೆ ಎಳೆದು ಅವಳಿಗೆ ಕೊಟ್ಟ.

ಒಂದು ಕೈಯಲ್ಲಿ ಅವನು ಕೊಟ್ಟ ಕಬ್ಬು, ಇನ್ನೊಂದು ಮುಷ್ಟಿಯಲ್ಲಿ ಅವನದೇ ಪೆನ್‌ಡ್ರೈವ್. ದೀಪಿಕಳಿಗೆ ನಾಚಿಕೆಯಿಂದ ಅಳುವೇ ಬಂತು. ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಟ್ರ್ಯಾಕ್ಟರು ಹೊರಟೇಹೋಯಿತು, ಹಾಡಿಲ್ಲದೆ.

ಮುಂದೆ ದಿಣ್ಣೆ. ದಿಣ್ಣೆಯಾಚೆ ಇಳಿಜಾರು. ಇಳಿಜಾರಿನ ಕೊನೆಗೆ ನಾಲೆ! ಅದಕ್ಕೆ ಸರಿಯಾದ ತಡೆಗೋಡೆಯೂ ಇಲ್ಲ.

ದೀಪಿಕ ಕಬ್ಬು ಬಿಸಾಡಿ ಓಡಿದಳು.

"ಎಲ್ಗಮ್ಮಿ? ಗೊತ್ತಾದ್ರೆ ನಮ್ಮಪ್ಪ ನನ್ ಚರ್ಮ ಸುಲೀತಾನೆ!" ಚಲುವರಾಜು ಕೂಗುತ್ತಾ ಹಿಂದೆಯೇ ಓಡಿಬಂದ.

"ಮಾವಾ! ನಿಲ್ಸೀ!" ಇಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಒಂದು ಚಪ್ಪಲಿ ಕಿತ್ತುಹೋಯಿತು, ಇನ್ನೊಂದನ್ನು ಅವಳೇ ಕಳಚಿ ಎಸೆದಳು. ಟ್ರೇಲರಿನ ಹಿಂದೆ ಓಡಿ ಗೊತ್ತೇ ಹೊರತು, ಅದನ್ನು ದಾಟಿ ಗೊತ್ತಿಲ್ಲ. ರಸ್ತೆ ಬಳಸಿಕೊಂಡು ಹೋಗುವ ಕಡೆ ಅವಳು ಆಲೆಮನೆಯ ಅಂಗಳಕ್ಕೆ ನುಗ್ಗಿದಳು. ಒಣಹಾಕಿದ ಕಬ್ಬಿನ ಸಿಪ್ಪೆಯ ಮೇಲೆ ಬಿದ್ದಳು, ಎದ್ದಳು. ಬೆಲ್ಲದ ಅಚ್ಚು ತೊಳೆಯುತ್ತಿದ್ದ ಅಜ್ಜಿ, "ಏನಾಯ್ತೇ ಮಗಾ?" ಎಂದು ಗಾಬರಿಯಾದರು. ಉತ್ತರ ಹೇಳಲು ಪುರುಸೊತ್ತೆಲ್ಲಿ!

ಅತ್ತ ಕಡೆಯ ರಸ್ತೆ ಬದಿಗೆ ಬಂದು ಎರಡೂ ಕೈ ಬೀಸಿದಳು. ಟ್ರ್ಯಾಕ್ಟರು ಕಿರ್ರೆಂದು ನಿಂತಿತು.

"ನಾನೇ... ನಾನೇ ತಗಂಡಿದ್ದು ಮಾವ!"

ನಿಂಗಯ್ಯ ಅವಳ ಅಂಗೈ ನೋಡಿದ, ಬರಿಗಾಲು ನೋಡಿದ. "ಕಪಾಳಕ್ಕೊಂದು ಬುಡ್ಬೇಕು ನಿಂಗೆ" ಎಂದ. ಆದರೆ ಬಿಡಲಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿದ. ಹಾಡು ದಿಣ್ಣೆಯೇ ನಡುಗುವಂತೆ ಮೊಳಗಿತು.

ಅಜ್ಜಿ ಎಲ್ಲವನ್ನೂ ಬೇಲಿಯಾಚೆಯಿಂದ ಕೇಳಿಸಿಕೊಂಡಿದ್ದರು. ಬೈಯಲಿಲ್ಲ. ದೀಪಿಕಳನ್ನು ಆಲೆಮನೆಯೊಳಗೆ ಕೂರಿಸಿ, ಬಾಳೆಲೆ ಹಾಸಿ, ಅದರ ಮೇಲೆ ಹೊಗೆಯಾಡುವ ಬೆಲ್ಲ ಹಾಕಿದರು. ಏದುಸಿರು ಬಿಡುತ್ತಾ ಬಾಗಿಲಲ್ಲೇ ನಿಂತಿದ್ದ ಚಲುವರಾಜುವನ್ನೂ ಕರೆದರು.

"ಒಡೀತೀರಾ ಅಜ್ಜಿ?" ಎಂದ ಅವನು, ಏಟಿಗೆ ಕಾದವನಂತೆ.

"ಬೆಲ್ಲ ಆರ್ಲಿ, ಕೂತ್ಕೋ. ಇಬ್ರೂ ಕೈ ಹಿಂದಕ್ಕೆ."

ದೀಪಿಕ ಕೈ ಹಿಂದೆ ಕಟ್ಟಿದಳು. ಈ ಸಲ ಗಟ್ಟಿಯಾಗಿ. ಚಲುವರಾಜುವಿನ ಕೈ ಮಾತ್ರ ಮುಂದೆ ಬಂದೇಬಿಟ್ಟಿತು. ಬೆರಳು ಚುರ್ರೆಂದಿತು, ಬಾಯಿಗಿಟ್ಟುಕೊಂಡ. ಅಜ್ಜಿ ನಕ್ಕರು. "ಇನ್ನೊಸಿ ತಾಳ್ಲಾ."

ಆಗ ಅವನು ನೋಡಿದ. ಅಜ್ಜಿಯ ಕೈಗಳೂ ಬೆನ್ನ ಹಿಂದೆಯೇ ಇದ್ದವು.

"ನೀವ್ಯಾಕಜ್ಜಿ ಕಟ್ಕಂಡಿದ್ದೀರಿ?"

"ಒಬ್ರೇ ತಾಳ್ಕಂಡು ಕೂತ್ಕೊಳದು ಬಲೇ ಕಷ್ಟ ಕಣ್ಲಾ."

ಚಲುವರಾಜುವಿನ ಮನೆಯ ಗೋಡೆಯಾಚೆಯಿಂದ ದೀಪಿಕ ಬೈಗುಳ ಕೇಳಿದ್ದಳು, ಬೆಲ್ಟಿನ ಸದ್ದು ಕೇಳಿದ್ದಳು. ಇಂಥ ಮಾತು ಒಂದು ದಿನವೂ ಕೇಳಿರಲಿಲ್ಲ. ಅವಳಿಗೆ ಅವನ ಮೇಲಿದ್ದ ಸಿಟ್ಟೆಲ್ಲ ಕರಗಿತು.

ಅವನು ಮೆಲ್ಲಗೆ ಎರಡೂ ಕೈ ಹಿಂದಕ್ಕೆ ಒಯ್ದ. ಮೂವರೂ ಬೆಲ್ಲವನ್ನೇ ನೋಡುತ್ತಾ ಕುಳಿತರು. ದೂರದಲ್ಲಿ ನಿಂಗಯ್ಯನ ಹಾಡು ನಾಲೆ ದಾಟಿ ಮುಂದೆ ಹೋಗುತ್ತಿತ್ತು.

ಬೆಲ್ಲ ಆರಿದಾಗ ದೀಪಿಕ ಎಲೆಯನ್ನು ಮೊದಲು ಅವನ ಕಡೆಗೆ ಸರಿಸಿದಳು.