ಹಸಿರು ಬ್ಯಾಡ್ಜಿನವರ ಮೈಕು

"ಹಸಿರು ಬ್ಯಾಡ್ಜ್ ಇರೋರಿಗೆ ಮಾತ್ರ ಮೈಕ್ ಕೊಡ್ಬೇಕು. ತಿಳೀತಾ?" ದೊಡ್ಡ ಆಫೀಸರು ಬಗ್ಗಿ ಪಿಸುಗುಟ್ಟಿದರು.

"ಬೇರೆಯವ್ರು ಕೈ ಎತ್ತಿದ್ರೆ ಸಾರ್?"

"ಕಾಣಿಸ್ಲೇ ಇಲ್ಲ ಅನ್ನೋ ಹಾಗೆ ಮುಂದೆ ಹೋಗು. ಜಾಣೆ ನೀನು!"

ಚೂಟಿ ತಲೆಯಾಡಿಸಿದಳು. ಐದನೇ ಕ್ಲಾಸಿನ ಅಷ್ಟೂ ಮಕ್ಕಳಲ್ಲಿ ಮೈಕ್ ಓಡಾಡಿಸುವ ಕೆಲಸ ಸಿಕ್ಕಿದ್ದು ಅವಳೊಬ್ಬಳಿಗೇ. ಬೆಳಗ್ಗೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಅಂದು ಜನರ ಅಭಿಪ್ರಾಯ ಕೇಳುವ ಸಭೆ. ಕಲ್ಲಿದ್ದಲು ಸುಡುವ ಕರೆಂಟ್ ಸ್ಟೇಷನ್ ಮುಚ್ಚಿ, ಬಿಸಿಲು ಗಾಳಿಯಿಂದ ಕರೆಂಟ್ ಮಾಡೋಣವೇ? ಕೇಳುವುದೇನೋ ಜನರನ್ನೇ. ಉತ್ತರ ಮಾತ್ರ ಆಗಲೇ ಬ್ಯಾನರಿನ ಮೇಲೆ ಅಚ್ಚಾಗಿತ್ತು: 'ನಿಮ್ಮ ಸಂಪೂರ್ಣ ಒಪ್ಪಿಗೆಗೆ ಧನ್ಯವಾದ!' ಕರೆಂಟ್ ಉಳಿಸಿ ಎಂದು ಭಾಷಣ ಬಿಗಿಯುವವರ ತಲೆಯ ಮೇಲೆ ನಾಲ್ಕು ಎ.ಸಿ. ಗುಯ್ ಎನ್ನುತ್ತಿದ್ದವು. ಮುಂದಿನ ಸಾಲಿನ ಅಜ್ಜಂದಿರು ಗಡಗಡ ನಡುಗುತ್ತಿದ್ದರು.

ಮೊದಲ ಬ್ಯಾಡ್ಜಿನವರು ಎದ್ದು, "ಸಾರ್, ಇಂಥ ಒಳ್ಳೇ ಐಡಿಯಾ ನಿಮಗೆ ಹೇಗೆ ಹೊಳೀತು?" ಎಂದರು. ಆಫೀಸರು ನಾಚಿಕೊಂಡರು. ಎರಡನೆಯವರು, "ಇಷ್ಟು ಲೇಟ್ ಯಾಕೆ ಸಾರ್? ಹೋದ ವರ್ಷವೇ ಮಾಡ್ಬಾರ್ದಿತ್ತಾ?" ಎಂದು ಮುನಿಸಿಕೊಂಡರು. ಮುನಿಸು ಕೂಡ ಚೀಟಿ ನೋಡಿಕೊಂಡೇ.

ಏಳನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅಯ್ಯೋ, ಅಪ್ಪನ ಕೈ! ಅಪ್ಪ ಅದೇ ಸ್ಟೇಷನ್ನಿನಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಅದು ಮುಚ್ಚಿದರೆ ಅವನ ಕೆಲಸವೂ ಹೋಗುತ್ತದೆ. ಒಂದು ತಿಂಗಳಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ಅಪ್ಪನ ಅಂಗಿಯ ಮೇಲೆ ಬ್ಯಾಡ್ಜ್ ಇರಲಿಲ್ಲ. ಚೂಟಿ ತಲೆ ತಗ್ಗಿಸಿಕೊಂಡು ಮುಂದೆ ಹೋದಳು. ಹಿಂತಿರುಗಿ ನೋಡಿದರೆ ಕೈ ಕೆಳಗಿಳಿದಿತ್ತು.

ಅಪ್ಪನಿಗೆ ಸಿಟ್ಟು ಬಂದಿರಬೇಕು. ಥೂ, ಎಂಥ ಜಾಣೆ ನಾನು! ದಡದಡ ಹಿಂದೆ ಬಂದು ಮೈಕನ್ನು ಅಪ್ಪನ ಮುಂದೆ ಹಿಡಿದಳು.

"ಕೇಳಪ್ಪಾ."

"ಬೇಡ ಕಣೇ. ನಿಂಗೆ ಬೈತಾರೆ."

ಓ, ಅದಕ್ಕೇ ಕೈ ಇಳಿಸಿದ್ದು! ಚೂಟಿ ಮೈಕನ್ನು ಇನ್ನೂ ಹತ್ತಿರ ತಂದಳು. "ಬೈಲಿ ಬಿಡು," ಎಂದಳು.

ಅಪ್ಪ ಎದ್ದು ನಿಂತ. "ಬಿಸಿಲಿಂದ ಕರೆಂಟ್ ಬರ್ಲಿ ಸಾರ್. ಹೊಗೆ ಕುಡಿದೋರು ನಾವೇ, ನಮ್ದೇನೂ ತಕರಾರಿಲ್ಲ. ಬಾಯ್ಲರ್ ಆರಿಸಿದ ಮಾರನೇ ದಿನ ನಾವು ಆರುನೂರು ಜನ ಯಾವ ಕೆಲಸಕ್ಕೆ ಹೋಗ್ಬೇಕು?"

ಆಫೀಸರ ನಗು ಮುಖಕ್ಕೆ ಅಂಟಿಸಿದಂತೆ ನಿಂತುಬಿಟ್ಟಿತು. "ತುಂಬಾ ಒಳ್ಳೇ ಪ್ರಶ್ನೆ! ಫಾರಂನಲ್ಲಿ ಬರ್ದುಕೊಡಿ."

ಬಾಗಿಲಲ್ಲೇ ಎಲ್ಲರ ಕೈಗೂ ಕೊಟ್ಟಿದ್ದ ಫಾರಂನಲ್ಲಿ ಮೂರೇ ಚೌಕಗಳಿದ್ದವು. ಒಪ್ಪುತ್ತೇನೆ. ಪೂರ್ತಿ ಒಪ್ಪುತ್ತೇನೆ. ಸಂತೋಷದಿಂದ ಒಪ್ಪುತ್ತೇನೆ.

"ಜಾಗ ಎಲ್ಲಿದೆ ಸಾರ್?"

"ಹಿಂದುಗಡೆ ಬರೀರಿ, ಹಿಂದುಗಡೆ!"

ಅಪ್ಪ ಹಾಳೆ ತಿರುವಿದ. ಅಲ್ಲಿ ಪುಟದ ತುಂಬಾ ಫೋಟೋದಲ್ಲಿ ಮಂತ್ರಿಗಳು ಹಲ್ಲು ಬಿಟ್ಟುಕೊಂಡು ನಗುತ್ತಿದ್ದರು.

ಚೂಟಿ ಜೇಬಿನಿಂದ ಪೆನ್ನು ತೆಗೆದುಕೊಟ್ಟಳು. "ಹಣೆ ಅಗಲವಾಗಿದೆ ಅಪ್ಪಾ. ಅಲ್ಲೇ ಬರಿ."

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಅಪ್ಪ ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದ. ಹಣೆ ಸಾಲದೆ ಕೆನ್ನೆಗೂ ಇಳಿದ.

"ಪುಟ್ಟೀ, ಆಮೇಲೆ ಆ ಪೆನ್ನು ಈ ಕಡೆ ಕೊಡಮ್ಮಾ," ಹಿಂದಿನ ಸಾಲಿನಲ್ಲಿದ್ದ, ಸ್ಟೇಷನ್ನಿನಲ್ಲಿ ಕ್ರೇನ್ ಓಡಿಸುವ ಮಾವ ಕೈ ಚಾಚಿದ. ಅವನ ಪಕ್ಕದ ವೆಲ್ಡರ್ ಅತ್ತೆಯೂ ಹಾಳೆ ತಿರುವಿದಳು.

ವೇದಿಕೆಯಿಂದ ಆಫೀಸರು ಮೈಕ್ ತಾ ಎಂದು ಕಣ್ಣು ಕೆಕ್ಕರಿಸಿದರು. ಚೂಟಿ ಅದನ್ನು ಖಾಲಿ ಕುರ್ಚಿಯ ಮೇಲಿಟ್ಟು, ಅಪ್ಪ ಬರೆದು ಮುಗಿಸುವುದನ್ನೇ ಕಾಯುತ್ತಾ ನಿಂತಳು. ಪೆನ್ನಿಗೆ ಇನ್ನೂ ತುಂಬಾ ಜನ ಕಾಯುತ್ತಿದ್ದರು.